ಮೂರು ಡೊಮೇನ್, ಒಂದು ಹೋಸ್ಟಿಂಗ್: ಏನನ್ನು ಕೂಡಿಸಬೇಕು, ಏನನ್ನು ಬೇರೆ ಇಡಬೇಕು

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಕೇಟರಿಂಗ್ ವ್ಯವಹಾರ. ಅದಕ್ಕೊಂದು ಸೈಟು, ಅದೇ ಹೆಸರಿನಲ್ಲಿ ನಾಲ್ಕು ಇಮೇಲ್ ವಿಳಾಸ. ಪುಣೆಯಲ್ಲಿರುವ ತಮ್ಮನ ಟ್ರಾವೆಲ್ಸ್‌ಗೆ ಇನ್ನೊಂದು ಡೊಮೇನ್. ನಾನು ಕಾರ್ಯದರ್ಶಿಯಾಗಿರುವ ಕನ್ನಡ ಬಳಗಕ್ಕೆ ಮತ್ತೊಂದು. ಮೂರು ಕಡೆ ಹೋಸ್ಟಿಂಗ್, ಮೂರು ಬಿಲ್ಲು. ಎಲ್ಲವನ್ನೂ ಒಂದೇ ಶೇರ್ಡ್ ಹೋಸ್ಟಿಂಗ್ ಅಕೌಂಟಿಗೆ ತರಬಹುದೇ? ತಂದರೆ ಹಳೆಯ ಇಮೇಲ್ ಉಳಿಯುತ್ತದೆಯೇ? ಈಗ ಕೆಲವು ಗಿರಾಕಿಗಳಿಗೆ ಕಳಿಸಿದ ಕೊಟೇಶನ್ ಸ್ಪ್ಯಾಮಿಗೆ ಹೋಗುತ್ತಿದೆ, ಅದೂ ಸರಿಹೋದೀತೇ?

ಉತ್ತರ: ತರಬಹುದು. ಶೇರ್ಡ್ ಹೋಸ್ಟಿಂಗ್ ಎಂದರೆ ಒಂದು ಸರ್ವರನ್ನು, ಅಂದರೆ ಸೈಟು ಮತ್ತು ಮೇಲ್ ಇಟ್ಟುಕೊಳ್ಳುವ ಕಂಪ್ಯೂಟರನ್ನು, ಹಲವರು ಹಂಚಿಕೊಳ್ಳುವ ವ್ಯವಸ್ಥೆ. ತೀರಾ ಅಗ್ಗದ ಪ್ಲಾನ್ ಬಿಟ್ಟರೆ ಉಳಿದವುಗಳಲ್ಲಿ ಸಾಮಾನ್ಯವಾಗಿ ಹಲವು ಡೊಮೇನ್ ಸೇರಿಸುವ ಅವಕಾಶ ಇರುತ್ತದೆ. ಆದರೆ ಮೂರನ್ನೂ ಒಂದೇ ಕಡೆ ತುಂಬಬೇಡಿ. ಕೇಟರಿಂಗ್, ಟ್ರಾವೆಲ್ಸ್ ಎರಡರ ಸೈಟು ಒಂದು ಅಕೌಂಟಿನಲ್ಲಿರಲಿ. ಬಳಗದ್ದು ಬೇರೆ ಇರಲಿ. ಕೇಟರಿಂಗಿನ ಇಮೇಲನ್ನು ಸಾಧ್ಯವಾದರೆ ಹೋಸ್ಟಿಂಗಿನಿಂದಲೇ ಹೊರಗಿಡಿ. ಸ್ಪ್ಯಾಮಿನ ತೊಂದರೆ ಒಟ್ಟುಗೂಡಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಅದರ ಮದ್ದು ಬೇರೆ.

ಒಂದೇ ಬಿಲ್ಲಿನಲ್ಲಿ ಬರುವುದರಿಂದ ನಾಲ್ಕು ಬೇರೆ ಬೇರೆ ವಸ್ತುಗಳು ಒಂದೇ ಎಂಬಂತೆ ಕಾಣುತ್ತವೆ. ಡೊಮೇನ್ ನೋಂದಣಿ ಅಂದರೆ ಹೆಸರಿನ ಮೇಲಿನ ನಿಮ್ಮ ಹಕ್ಕು, ಅದು ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಬಳಿ ಇರುತ್ತದೆ. ಡಿಎನ್‌ಎಸ್ ಅಂದರೆ ಆ ಹೆಸರನ್ನು ಹುಡುಕಿ ಬಂದವರಿಗೆ ದಾರಿ ತೋರಿಸುವ ಪಟ್ಟಿ. ನೇಮ್‌ಸರ್ವರ್ ಎಲ್ಲಿದೆಯೋ ಪಟ್ಟಿ ಅಲ್ಲಿರುತ್ತದೆ. ಮೂರನೆಯದು ಸೈಟಿನ ಫೈಲುಗಳು ಮತ್ತು ಡೇಟಾಬೇಸ್. ನಾಲ್ಕನೆಯದು ಮೇಲ್‌ಬಾಕ್ಸ್. ನಾಲ್ಕೂ ನಾಲ್ಕು ಕಡೆ ಇದ್ದರೂ ಕೆಲಸ ನಡೆಯುತ್ತದೆ. ಹೋಸ್ಟಿಂಗ್ ಬದಲಿಸಲು ಡೊಮೇನನ್ನು ರಿಜಿಸ್ಟ್ರಾರ್‌ನಿಂದ ಟ್ರಾನ್ಸ್‌ಫರ್ ಮಾಡಬೇಕಿಲ್ಲ. ನೇಮ್‌ಸರ್ವರ್ ಅಥವಾ ಡಿಎನ್‌ಎಸ್ ದಾಖಲೆ ಬದಲಿಸಿದರೆ ಸಾಕು. ಕೆಲಸ ಶುರುಮಾಡುವ ಮೊದಲು ಮೂರೂ ಡೊಮೇನಿಗೆ ಈ ನಾಲ್ಕು ಎಲ್ಲೆಲ್ಲಿವೆ, ಯಾರ ಹೆಸರಿನಲ್ಲಿ ಲಾಗಿನ್ ಇದೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಬಳಗದ ಡೊಮೇನ್ ಹಿಂದಿನ ಯಾವುದೋ ಪದಾಧಿಕಾರಿಯ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದ್ದರೆ ಆಗಲೇ ಗೊತ್ತಾಗುತ್ತದೆ. ಮೊದಲು ಅದನ್ನು ಸರಿಪಡಿಸಿ.

ಬಳಗದ್ದನ್ನು ಬೇರೆ ಇಡಿ ಎನ್ನುವುದೇಕೆ? ಸಿಪ್ಯಾನೆಲ್ ಎಂದರೆ ಹೋಸ್ಟಿಂಗನ್ನು ನಿರ್ವಹಿಸುವ ನಿಯಂತ್ರಣ ಪುಟ. ಒಂದು ಸಿಪ್ಯಾನೆಲ್ ಅಕೌಂಟ್ ಎಂದರೆ ಸರ್ವರಿನಲ್ಲಿ ಒಬ್ಬನೇ ಬಳಕೆದಾರ. ಅದರೊಳಗೆ ಎಷ್ಟು ಸೈಟು ಇಟ್ಟರೂ ಎಲ್ಲವೂ ಅದೇ ಹಕ್ಕಿನಲ್ಲಿ ಓಡುತ್ತವೆ. ಬಳಗದ ವರ್ಡ್‌ಪ್ರೆಸ್‌ನಲ್ಲಿ (ಸೈಟು ಕಟ್ಟುವ ತಂತ್ರಾಂಶ) ಎರಡು ವರ್ಷ ಅಪ್‌ಡೇಟ್ ಕಾಣದ ಒಂದು ಪ್ಲಗಿನ್ (ಅದಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಮೂಲಕ ಯಾರಾದರೂ ಒಳಹೊಕ್ಕರೆ, ಕೇಟರಿಂಗ್ ಸೈಟಿನ ಫೈಲುಗಳನ್ನು ಓದಲು, ತಿದ್ದಲು ಅವರಿಗೆ ಅಡ್ಡಿಯೇ ಇರುವುದಿಲ್ಲ. ಒಂದು ಸೈಟನ್ನು ಶುಚಿಗೊಳಿಸಿದ ಮರುದಿನ ಪಕ್ಕದ ಸೈಟಿನಿಂದ ಸೋಂಕು ವಾಪಸು ಬರುವುದು ಈ ಕಾರಣಕ್ಕೇ. ಎರಡನೆಯದು, ಸಿಪ್ಯಾನೆಲ್‌ಗೆ ಸಾಮಾನ್ಯವಾಗಿ ಒಂದೇ ಪಾಸ್‌ವರ್ಡ್. ಒಂದು ಫೋಲ್ಡರಿಗೆ ಸೀಮಿತವಾದ ಎಫ್‌ಟಿಪಿ (ಫೈಲು ಏರಿಸುವ, ಇಳಿಸುವ) ಲಾಗಿನ್ ಮಾಡಿಕೊಡಬಹುದು, ಆದರೆ ಡೇಟಾಬೇಸ್, ಇಮೇಲ್, ಡಿಎನ್‌ಎಸ್ ನೋಡಬೇಕೆಂದರೆ ಹೆಚ್ಚಾಗಿ ಇಡೀ ಮನೆಯ ಕೀಲಿಕೈಯನ್ನೇ ಕೊಡಬೇಕಾಗುತ್ತದೆ. ಬಳಗದ ಕಮಿಟಿ ಬದಲಾಗುತ್ತದೆ. ಮುಂದಿನ ಕಾರ್ಯದರ್ಶಿಗೆ ಅದನ್ನು ಒಪ್ಪಿಸುವಾಗ ನಿಮ್ಮ ಕೇಟರಿಂಗಿನ ಲೆಕ್ಕಪತ್ರದ ಇಮೇಲೂ ಜೊತೆಗೆ ಹೋಗಬಾರದು. ಬಳಗಕ್ಕೆ ಒಂದೇ ಡೊಮೇನಿನ ಚಿಕ್ಕ ಪ್ಲಾನ್ ಸಾಕು. ತಮ್ಮನಿಗೂ ತನ್ನದೇ ಪಾಸ್‌ವರ್ಡ್ ಬೇಕೆಂದಿದ್ದರೆ ರೀಸೆಲ್ಲರ್ ಹೋಸ್ಟಿಂಗ್ ವಿಚಾರಿಸಿ: ಒಂದೇ ಬಿಲ್ಲು, ಪ್ರತಿ ಡೊಮೇನಿಗೂ ಪ್ರತ್ಯೇಕ ಸಿಪ್ಯಾನೆಲ್. ಹೀಗೆ ಎಲ್ಲರಿಗೂ ತಮ್ಮದೇ ಪಾಸ್‌ವರ್ಡ್ ಬೇಕಾದಾಗ ನಾನು ಹೇಳುವ ಮೊದಲ ಆಯ್ಕೆ ಅದೇ.

ಪ್ಲಾನ್ ಕೊಳ್ಳುವಾಗ ‘ಅನ್‌ಲಿಮಿಟೆಡ್’ ಎಂಬ ಪದವನ್ನು ಬದಿಗಿಟ್ಟು ಈ ಅಂಕಿಗಳನ್ನು ಬರವಣಿಗೆಯಲ್ಲಿ ಕೇಳಿ: ಐನೋಡ್ ಮಿತಿ ಎಷ್ಟು, ಗಂಟೆಗೆ ಎಷ್ಟು ಮೇಲ್ ಕಳಿಸಬಹುದು, ಆ ಮಿತಿ ಡೊಮೇನಿಗೋ ಇಡೀ ಅಕೌಂಟಿಗೋ, ಒಂದು ಮೇಲ್‌ಬಾಕ್ಸಿಗೆ ಜಾಗ ಎಷ್ಟು, ಎರಡನೇ ವರ್ಷದ ದರ ಎಷ್ಟು. ಮೊದಲ ವರ್ಷದ ದರಕ್ಕೂ ನವೀಕರಣದ ದರಕ್ಕೂ ದೊಡ್ಡ ಅಂತರ ಇರುತ್ತದೆ, ಮೇಲೆ ಶೇಕಡ 18 ಜಿಎಸ್‌ಟಿ. ಐನೋಡ್ ಎಂದರೆ ಸರಳವಾಗಿ ಫೈಲು ಮತ್ತು ಫೋಲ್ಡರುಗಳ ಎಣಿಕೆ. ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಒಂದು ಇಮೇಲ್ ಎಂದರೆ ಒಂದು ಫೈಲು. ನಾಲ್ಕು ವಿಳಾಸದಲ್ಲಿ ತಲಾ 20,000 ಮೇಲ್ ಉಳಿಸಿಕೊಂಡಿದ್ದರೆ 80,000 ಅಲ್ಲಿಗೇ ಹೋಯಿತು. ವರ್ಡ್‌ಪ್ರೆಸ್ ಸೈಟೊಂದು ಪ್ಲಗಿನ್, ಚಿತ್ರ ಎಲ್ಲ ಸೇರಿ 10,000 ದಾಟುವುದು ಅಪರೂಪವಲ್ಲ. ಡಿಸ್ಕಿನಲ್ಲಿ ಜಿಬಿಗಟ್ಟಲೆ ಜಾಗ ಖಾಲಿ ಇದ್ದರೂ ಐನೋಡ್ ಮುಗಿದರೆ ಹೊಸ ಮೇಲ್ ಒಳಗೆ ಬರುವುದಿಲ್ಲ, ಹೊಸ ಚಿತ್ರ ಏರುವುದಿಲ್ಲ. ಸಿಪಿಯು, ಮೆಮೊರಿ ಕೂಡ ಅಕೌಂಟಿಗೆ ಲೆಕ್ಕ, ಸೈಟಿಗಲ್ಲ. ತಮ್ಮನ ಸೈಟಿಗೆ ಬಾಟ್‌ಗಳು ಮುತ್ತಿಕೊಂಡರೆ ನಿಮ್ಮ ಸೈಟಿನಲ್ಲೂ 508 (ಮಿತಿ ಮುಟ್ಟಿದೆ) ಎಂಬ ದೋಷ ಕಾಣಬಹುದು.

ಪ್ಲಾನ್ ಆಯ್ತು ಎನ್ನೋಣ. ಅಕೌಂಟಿನ ಮುಖ್ಯ ಡೊಮೇನ್ ಯಾವುದೆಂದು ಕೊಳ್ಳುವಾಗಲೇ ಕೇಳುತ್ತಾರೆ. ಅದನ್ನು ನಂತರ ನೀವಾಗಿ ಬದಲಿಸಲು ಬರುವುದಿಲ್ಲ, ಹೋಸ್ಟಿಂಗಿನವರೇ ಮಾಡಬೇಕು. ಎಂದೂ ಬಿಟ್ಟುಕೊಡದ ಹೆಸರನ್ನು, ಅಂದರೆ ಕೇಟರಿಂಗಿನದನ್ನು ಕೊಡಿ. ಎರಡನೆಯದನ್ನು ಸೇರಿಸಲು ‘ಡೊಮೇನ್ಸ್’ ಪುಟಕ್ಕೆ ಹೋಗಿ ಹೊಸ ಡೊಮೇನ್ ಬರೆಯಿರಿ. ಅಲ್ಲಿ ‘ಶೇರ್ ಡಾಕ್ಯುಮೆಂಟ್ ರೂಟ್’ ಎಂಬ ಚೌಕದಲ್ಲಿ ಟಿಕ್ ಇದ್ದರೆ ತೆಗೆಯಿರಿ. ಬಿಟ್ಟರೆ ತಮ್ಮನ ವಿಳಾಸ ತೆರೆದವರಿಗೆ ನಿಮ್ಮ ಊಟದ ಮೆನು ಕಾಣುತ್ತದೆ. ಟಿಕ್ ತೆಗೆದ ಕೂಡಲೇ ಫೋಲ್ಡರಿನ ಹೆಸರು ಕೇಳುತ್ತದೆ. ಆ ಫೋಲ್ಡರ್ ‘ಪಬ್ಲಿಕ್ ಎಚ್‌ಟಿಎಂಎಲ್’ (ಮುಖ್ಯ ಸೈಟಿನ ಫೋಲ್ಡರ್) ಒಳಗಿರದೆ ಅದರ ಪಕ್ಕದಲ್ಲಿರಲಿ. ಒಳಗೆ ಇಟ್ಟರೆ ಮುಖ್ಯ ಸೈಟಿನ ಎಚ್‌ಟಿಆ್ಯಕ್ಸೆಸ್ ಫೈಲಿನ ನಿಯಮಗಳು ಎರಡನೆಯದಕ್ಕೂ ತಗಲುತ್ತವೆ, ಕಾರಣ ತಿಳಿಯದ ರೀಡೈರೆಕ್ಟ್‌ಗಳು (ಬೇರೆ ಪುಟಕ್ಕೆ ಎಳೆದೊಯ್ಯುವುದು) ಹುಟ್ಟುತ್ತವೆ, ಜೊತೆಗೆ ಕೇಟರಿಂಗ್ ವಿಳಾಸದ ಅಡಿಯಲ್ಲೂ ಟ್ರಾವೆಲ್ಸ್ ಸೈಟು ತೆರೆದುಕೊಳ್ಳುತ್ತದೆ. ಹಳೆಯ ಹೋಸ್ಟಿಂಗೂ ಇದೇ ಕಂಪನಿಯದು, ಇದೇ ಸರ್ವರ್ ಆಗಿದ್ದರೆ ‘ಡೊಮೇನ್ ಈಗಾಗಲೇ ಇದೆ’ ಎಂದು ನಿರಾಕರಿಸಬಹುದು. ಆಗ ಹಳೆಯ ಅಕೌಂಟಿನಿಂದ ನೀವಾಗಿ ಡಿಲೀಟ್ ಮಾಡಲು ಹೋಗಬೇಡಿ, ಸಪೋರ್ಟಿಗೆ ಬರೆಯಿರಿ.

ಸೈಟು ಸಾಗಿಸುವುದು ಸುಲಭ. ಫೈಲುಗಳನ್ನು ಜಿಪ್ ಮಾಡಿ ತನ್ನಿ, ಪಿಎಚ್‌ಪಿಮೈಅಡ್ಮಿನ್ ಎಂಬ ಡೇಟಾಬೇಸ್ ಸಾಧನದಿಂದ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ, ಹೊಸ ಕಡೆ ಪ್ರತಿ ಸೈಟಿಗೂ ಪ್ರತ್ಯೇಕ ಡೇಟಾಬೇಸ್, ಪ್ರತ್ಯೇಕ ಬಳಕೆದಾರ, ಪ್ರತ್ಯೇಕ ಪಾಸ್‌ವರ್ಡ್ ಮಾಡಿ ಇಂಪೋರ್ಟ್ ಮಾಡಿ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ಈ ಮೂರು ವಿವರ ತಿದ್ದಿ. ಹೆಸರುಗಳ ಮುಂದೆ ಸಿಪ್ಯಾನೆಲ್ ತಾನೇ ಒಂದು ಪೂರ್ವಪದ ಅಂಟಿಸಿರುತ್ತದೆ, ಅದನ್ನೂ ಸೇರಿಸಿ ಬರೆಯಬೇಕು. ಡೊಮೇನ್ ಹೆಸರು ಬದಲಾಗುತ್ತಿಲ್ಲವಾದ್ದರಿಂದ ಡೇಟಾಬೇಸಿನೊಳಗೆ ವಿಳಾಸ ತಿದ್ದುವ ಕೆಲಸ ಇಲ್ಲ.

ಬಳಗದ ಸೈಟಿನಲ್ಲಿ ಕನ್ನಡದ ಬರಹ ಇರುತ್ತದಾದ್ದರಿಂದ ಅದನ್ನು ಸಾಗಿಸುವಾಗ ಇನ್ನೊಂದು ಎಚ್ಚರ. ಹೊಸ ಡೇಟಾಬೇಸಿನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸುವ ಸಂಕೇತಕ್ರಮ) ಯುಟಿಎಫ್8ಎಂಬಿ4 ಇರಲಿ, ಇಂಪೋರ್ಟ್ ಮಾಡುವಾಗಲೂ ಯುಟಿಎಫ್-8 ಆಯ್ದುಕೊಳ್ಳಿ. ತಪ್ಪಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಪ್ರಶ್ನಾರ್ಥಕವಾಗಿಯೇ ಸೇವ್ ಆದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಲಾಗದು, ಮೂಲ ಎಕ್ಸ್‌ಪೋರ್ಟ್ ಫೈಲಿನಿಂದಲೇ ಮತ್ತೆ ಶುರುಮಾಡಬೇಕು. ಸೈಟು ತೀರಾ ಹಳೆಯದಾಗಿದ್ದು ನುಡಿ ಅಥವಾ ಬರಹದ ಯುನಿಕೋಡ್‌ಪೂರ್ವ ಫಾಂಟಿನಲ್ಲಿ ಬರೆದ ಪುಟಗಳಿದ್ದರೆ, ಅವು ಆ ಫಾಂಟ್ ಫೈಲನ್ನೇ ನಂಬಿ ನಿಂತಿರುತ್ತವೆ. ಈ ನೆಪದಲ್ಲಾದರೂ ಅವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಇಷ್ಟು ವರ್ಷದ ಬರಹಗಳು ಗೂಗಲ್ ಹುಡುಕಾಟಕ್ಕೂ ಸಿಗುವಂತಾಗಲಿ.

ಡಿಎನ್‌ಎಸ್ ಮುಟ್ಟುವ ಮೊದಲು ಹೊಸ ಸರ್ವರಿನಲ್ಲಿ ಸೈಟು ಸರಿಯಾಗಿ ಓಡುತ್ತಿದೆಯೇ ನೋಡಬೇಕು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಹೋಸ್ಟ್ಸ್’ ಫೈಲಿನಲ್ಲಿ ಹೊಸ ಸರ್ವರಿನ ಐಪಿ (ಅಂಕಿಗಳ ವಿಳಾಸ) ಮತ್ತು ಡೊಮೇನ್ ಹೆಸರಿನ ಒಂದು ಸಾಲು ಸೇರಿಸಿದರೆ ನಿಮ್ಮ ಕಂಪ್ಯೂಟರಿಗೆ ಮಾತ್ರ ಹೊಸ ಸೈಟು ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ಅಳಿಸಲು ಮರೆಯಬೇಡಿ.

ಇನ್ನು ಇಮೇಲ್. ಕಳೆದುಹೋಗುವುದಿದ್ದರೆ ಇಲ್ಲೇ. ಹೋಸ್ಟಿಂಗ್ ಬದಲಿಸಿದರೆ ಹಳೆಯ ಮೇಲ್ ತಾನಾಗಿ ಹಿಂದೆ ಬರುವುದಿಲ್ಲ, ನೀವೇ ಹೊತ್ತು ತರಬೇಕು. ಮೊದಲು ಕಚೇರಿಯ ಪ್ರತಿ ಕಂಪ್ಯೂಟರಿನಲ್ಲೂ ಮೇಲ್ ಐಮ್ಯಾಪ್‌ನಲ್ಲಿದೆಯೋ (ಮೇಲ್ ಸರ್ವರಿನಲ್ಲೇ ಉಳಿಯುವ ವಿಧಾನ) ಪಾಪ್‌ನಲ್ಲಿದೆಯೋ (ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ನೋಡಿ. ಪಾಪ್ ಆಗಿದ್ದರೆ ಹಳೆಯ ಮೇಲ್ ಸರ್ವರಿನಲ್ಲಿ ಇಲ್ಲದೆ, ಆ ಒಂದು ಕಂಪ್ಯೂಟರಿನಲ್ಲಷ್ಟೇ ಇರಬಹುದು. ಅದರ ಬ್ಯಾಕಪ್ ಆಗುವವರೆಗೆ ಆ ಯಂತ್ರದಲ್ಲಿ ಏನನ್ನೂ ಬದಲಿಸಬೇಡಿ.

ಇಮೇಲನ್ನು ಹೋಸ್ಟಿಂಗಿನಲ್ಲೇ ಇಡುವುದಾದರೆ, ಆಮೇಲೆ ಹೊಸ ಅಕೌಂಟಿನಲ್ಲಿ ಅದೇ ನಾಲ್ಕು ವಿಳಾಸಗಳನ್ನು ಸೃಷ್ಟಿಸಿ. ಸ್ಪೆಲ್ಲಿಂಗ್ ಒಂದಕ್ಷರ ತಪ್ಪಿದರೂ ಆ ವಿಳಾಸಕ್ಕೆ ಬಂದ ಮೇಲ್ ಬೌನ್ಸ್ ಆಗುತ್ತದೆ, ಅಂದರೆ ಕಳಿಸಿದವರಿಗೇ ಮರಳುತ್ತದೆ. ಫಾರ್ವರ್ಡರ್‌ಗಳನ್ನೂ (ಬಂದ ಮೇಲನ್ನು ಬೇರೆ ವಿಳಾಸಕ್ಕೆ ದಾಟಿಸುವವು) ಮರೆಯಬೇಡಿ, ಅವು ಮೇಲ್‌ಬಾಕ್ಸ್ ಪಟ್ಟಿಯಲ್ಲಿ ಕಾಣುವುದಿಲ್ಲ. ಪ್ರತಿ ಬಾಕ್ಸಿಗೂ ಇಷ್ಟೇ ಎಂದು ಜಾಗ ನಿಗದಿ ಮಾಡಿ. ಅನ್‌ಲಿಮಿಟೆಡ್ ಎಂದು ಬಿಟ್ಟರೆ ಒಬ್ಬರ ಬಾಕ್ಸ್ ಇಡೀ ಅಕೌಂಟಿನ ಡಿಸ್ಕ್ ತುಂಬಿಸಿ, ಎರಡೂ ವ್ಯವಹಾರದ ಮೇಲ್ ನಿಲ್ಲಿಸುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಹಳೆಯ ಮತ್ತು ಹೊಸ ಎರಡೂ ಬಾಕ್ಸನ್ನು ಐಮ್ಯಾಪ್ ಆಗಿ ಜೋಡಿಸಿ, ಫೋಲ್ಡರ್ ಫೋಲ್ಡರಾಗಿ ಕಾಪಿ ಮಾಡಿ. ಮೂವ್ ಬೇಡ, ಕಾಪಿ. ಹಳೆಯ ಸರ್ವರನ್ನು ಜೋಡಿಸುವಾಗ ನಿಮ್ಮ ಡೊಮೇನ್ ಹೆಸರು ಬಳಸಬೇಡಿ, ಹೋಸ್ಟಿಂಗಿನವರು ಕೊಟ್ಟ ಸರ್ವರಿನ ಸ್ವಂತ ಹೆಸರನ್ನು ಬಳಸಿ. ಯಾಕೆಂದರೆ ಡಿಎನ್‌ಎಸ್ ಬದಲಾದ ಮರುಕ್ಷಣದಿಂದ ನಿಮ್ಮ ಡೊಮೇನ್ ಹೆಸರು ಹೊಸ ಸರ್ವರಿಗೆ ಕರೆದೊಯ್ಯುತ್ತದೆ, ಹಳೆಯದಕ್ಕೆ ದಾರಿಯೇ ಇರುವುದಿಲ್ಲ.

ಡಿಎನ್‌ಎಸ್ ಬದಲಿಸುವ ಹಿಂದಿನ ದಿನ ದಾಖಲೆಗಳ ಟಿಟಿಎಲ್ (ಹಳೆಯ ಉತ್ತರವನ್ನು ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಾವಣೆಯನ್ನು ಭಾನುವಾರ ರಾತ್ರಿ ಮಾಡಿ. ದಾಖಲೆಯಷ್ಟೇ ತಿದ್ದಿದರೆ ಬೇಗ ಹರಡುತ್ತದೆ. ನೇಮ್‌ಸರ್ವರನ್ನೇ ಬದಲಿಸಿದರೆ ಆ 300ರ ಲೆಕ್ಕ ನಡೆಯುವುದಿಲ್ಲ, ಎರಡು ದಿನ ಹಿಡಿಯಬಹುದು. ಆ ಅವಧಿಯಲ್ಲಿ ಕೆಲವರ ಮೇಲ್ ಹಳೆಯದಕ್ಕೆ, ಕೆಲವರದು ಹೊಸದಕ್ಕೆ ಬರುತ್ತದೆ. ಎರಡೂ ಬಾಕ್ಸ್ ನೋಡುತ್ತಿರಿ, ಮೂರನೇ ದಿನ ಉಳಿದದ್ದನ್ನು ಕಾಪಿ ಮಾಡಿ. ಹಳೆಯ ಹೋಸ್ಟಿಂಗ್ ಕನಿಷ್ಠ ಎರಡು ವಾರ ಜೀವಂತ ಇರಲಿ. ಅದರ ಅವಧಿ ಮುಗಿಯುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕುವುದು ಬೇಡವೇ ಬೇಡ.

ಇಲ್ಲಿ ಹಲವರನ್ನು ದಿನಗಟ್ಟಲೆ ಕಾಡುವ ಒಂದು ತೊಡಕಿದೆ. ಒಂದು ಡೊಮೇನ್ ತನ್ನದೇ ಎಂದು ಸರ್ವರಿನ ಪಟ್ಟಿಯಲ್ಲಿದ್ದರೆ, ಆ ಡೊಮೇನಿಗೆ ಹೋಗುವ ಮೇಲನ್ನು ಸರ್ವರ್ ಹೊರಗೆ ಕಳಿಸುವುದೇ ಇಲ್ಲ, ತನ್ನೊಳಗೇ ಹಾಕಿಕೊಳ್ಳುತ್ತದೆ. ಟ್ರಾವೆಲ್ಸ್ ಡೊಮೇನನ್ನು ಹೊಸ ಅಕೌಂಟಿಗೆ ಸೇರಿಸಿ ಡಿಎನ್‌ಎಸ್ ಇನ್ನೂ ಬದಲಿಸಿಲ್ಲ ಎನ್ನಿ. ನೀವು ಕೇಟರಿಂಗ್ ವಿಳಾಸದಿಂದ ತಮ್ಮನಿಗೆ ಬರೆದದ್ದು ಅವನು ನೋಡದ ಹೊಸ ಬಾಕ್ಸಿಗೆ ಬೀಳುತ್ತದೆ, ಬೇರೆಯವರದೆಲ್ಲ ಸರಿಯಾಗಿ ತಲುಪುತ್ತದೆ. ಅದೇ ರೀತಿ ಹಳೆಯ ಸರ್ವರಿನಲ್ಲಿ ಡೊಮೇನ್ ಉಳಿದಿದ್ದರೆ, ಅದೇ ಸರ್ವರಿನಲ್ಲಿರುವ ಬೇರೆ ಹೋಸ್ಟಿಂಗ್ ಗಿರಾಕಿಗಳು ನಿಮಗೆ ಬರೆದ ಮೇಲ್ ಅಲ್ಲೇ ಹೂತುಹೋಗುತ್ತದೆ. ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ ಪುಟ ಇರುವುದು ಇದಕ್ಕೇ: ಮೇಲ್ ಈ ಸರ್ವರಿನಲ್ಲಿ ಇರುವುದಾದರೆ ‘ಲೋಕಲ್’, ಬೇರೆಡೆ ಇರುವುದಾದರೆ ‘ರಿಮೋಟ್’.

ಅದರ ಪಕ್ಕದ್ದೇ ಇನ್ನೊಂದು. ಸಿಪ್ಯಾನೆಲ್ ತಾನಾಗಿ ಬರೆಯುವ ಎಂಎಕ್ಸ್ ದಾಖಲೆ (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು) ಡೊಮೇನಿನ ಹೆಸರನ್ನೇ ತೋರಿಸುತ್ತದೆ. ನಾಳೆ ಸೈಟನ್ನಷ್ಟೇ ಬೇರೆಡೆ ಒಯ್ಯಲು ಎ ದಾಖಲೆ (ಹೆಸರಿಗೆ ಸರ್ವರಿನ ಐಪಿ ಹೇಳುವುದು) ಬದಲಿಸಿದರೆ ಮೇಲೂ ಅದರ ಬೆನ್ನುಹತ್ತಿ ಹೋಗಿ, ಮೇಲ್‌ಬಾಕ್ಸೇ ಇಲ್ಲದ ಕಡೆ ಬಾಗಿಲು ತಟ್ಟುತ್ತದೆ. ಆದ್ದರಿಂದ ‘ಮೇಲ್’ ಎಂಬ ಸಬ್‌ಡೊಮೇನಿಗೆ (ಡೊಮೇನಿನ ಮುಂದೆ ‘ಮೇಲ್’ ಸೇರಿಸಿದ ಹೆಸರು) ಪ್ರತ್ಯೇಕ ಎ ದಾಖಲೆ ಇಟ್ಟು, ಎಂಎಕ್ಸ್ ಅದನ್ನು ತೋರಿಸುವಂತೆ ಮಾಡಿ. ಡಿಎನ್‌ಎಸ್ ಕ್ಲೌಡ್‌ಫ್ಲೇರ್ ಎಂಬ ಸೇವೆಯಲ್ಲಿದ್ದರೆ ಈ ‘ಮೇಲ್’ ದಾಖಲೆಯ ಮೋಡದ ಗುರುತು ಕಿತ್ತಳೆ ಇರಬಾರದು, ಬೂದು ಇರಬೇಕು. ಕಿತ್ತಳೆ ಎಂದರೆ ಕ್ಲೌಡ್‌ಫ್ಲೇರ್‌ನ ಪ್ರಾಕ್ಸಿ (ನಡುವೆ ನಿಂತು ದಾಟಿಸುವ ಸರ್ವರ್), ಅದು ಮೇಲ್ ಪೋರ್ಟುಗಳನ್ನು ದಾಟಿಸುವುದಿಲ್ಲ.

ಫೋನ್, ಔಟ್‌ಲುಕ್‌ನಲ್ಲಿ ಹಾಕುವ ವಿವರ: ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ, ಐಮ್ಯಾಪ್‌ಗೆ ಪೋರ್ಟ್ 993, ಕಳಿಸಲು 465 ಎಸ್‌ಎಸ್‌ಎಲ್ ಅಥವಾ 587 ಸ್ಟಾರ್ಟ್‌ಟಿಎಲ್‌ಎಸ್. ಸರ್ಟಿಫಿಕೇಟ್ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ‘ಪರವಾಗಿಲ್ಲ’ ಎಂದು ಒತ್ತದೆ ಸರ್ವರಿನ ಸ್ವಂತ ಹೆಸರನ್ನು ಹಾಕಿ. ಸೈಟಿನ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟ್) ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸಿಪ್ಯಾನೆಲ್‌ನ ಆಟೋಎಸ್‌ಎಸ್‌ಎಲ್ ಉಚಿತವಾಗಿ ಕೊಡುತ್ತದೆ, 90 ದಿನಗಳೊಳಗೆ ತಾನೇ ನವೀಕರಿಸುತ್ತದೆ. ಆದರೆ ಡೊಮೇನ್ ಹೊಸ ಸರ್ವರಿನತ್ತ ತಿರುಗಿದ ಮೇಲಷ್ಟೇ ಸಿಗುತ್ತದೆ.

ಈಗ ಸ್ಪ್ಯಾಮಿಗೆ ಬೀಳುವ ಕೊಟೇಶನ್. ನಿಮ್ಮ ಒಂದು ಕೊಟೇಶನನ್ನು ಯಾರದಾದರೂ ಜಿಮೇಲಿಗೆ ಕಳಿಸಿ, ಅಲ್ಲಿ ಕಂಪ್ಯೂಟರಿನಲ್ಲಿ ತೆರೆದು ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರೂ ‘ಪಾಸ್’ ಇರಬೇಕು. ಎಸ್‌ಪಿಎಫ್ ಎಂದರೆ ನನ್ನ ಹೆಸರಿನಲ್ಲಿ ಮೇಲ್ ಕಳಿಸಲು ಈ ಸರ್ವರುಗಳಿಗೆ ಅಧಿಕಾರ ಇದೆ ಎಂದು ಸಾರುವ ದಾಖಲೆ. ಒಂದು ಡೊಮೇನಿಗೆ ಒಂದೇ ಇರಬೇಕು. ಹೋಸ್ಟಿಂಗಿನದೊಂದು, ಗೂಗಲ್ ವರ್ಕ್‌ಸ್ಪೇಸ್‌ನದೊಂದು ಎಂದು ಎರಡು ಟಿಎಕ್ಸ್‌ಟಿ ದಾಖಲೆ ಹಾಕಿದರೆ ಎರಡೂ ಅಮಾನ್ಯ. ಎರಡನ್ನೂ ಒಂದೇ ಸಾಲಿನಲ್ಲಿ ಬೆಸೆಯಬೇಕು, ಅದರೊಳಗಿನ ಡಿಎನ್‌ಎಸ್ ವಿಚಾರಣೆಗಳು 10 ಮೀರಬಾರದು. ಡಿಕಿಮ್ ಎಂದರೆ ಪ್ರತಿ ಮೇಲಿಗೂ ಸರ್ವರ್ ಒತ್ತುವ ಮೊಹರು. ಅದರ ಕೀಲಿ ಡಿಎನ್‌ಎಸ್‌ನಲ್ಲಿರಬೇಕು. ಸಿಪ್ಯಾನೆಲ್‌ನ ‘ಇಮೇಲ್ ಡೆಲಿವರೆಬಿಲಿಟಿ’ ಪುಟದಲ್ಲಿ ಎರಡೂ ಸಿಗುತ್ತವೆ. ಪ್ರತಿ ಡೊಮೇನಿಗೂ ಬೇರೆ ಬೇರೆ ಮಾಡಬೇಕು, ಮುಖ್ಯ ಡೊಮೇನಿಗೆ ಮಾಡಿದ್ದು ಎರಡನೆಯದಕ್ಕೆ ಸಲ್ಲದು. ಡಿಎನ್‌ಎಸ್ ಬೇರೆಡೆ ಇದ್ದರೆ ಅಲ್ಲಿ ‘ರಿಪೇರ್’ ಒತ್ತಿ ಪ್ರಯೋಜನವಿಲ್ಲ, ದಾಖಲೆಗಳನ್ನು ನಕಲು ಮಾಡಿ ಡಿಎನ್‌ಎಸ್ ಇರುವ ಕಡೆ ಅಂಟಿಸಿ. ಡಿಮಾರ್ಕ್ ಎಂದರೆ ಈ ಪರೀಕ್ಷೆ ದಾಟದ ಮೇಲನ್ನು ಏನು ಮಾಡಬೇಕೆಂದು ಹೇಳುವ ದಾಖಲೆ. ಅದನ್ನು ಮೊದಲು ‘ನನ್’ (none, ಏನೂ ಮಾಡಬೇಡಿ) ಎಂಬ ನೀತಿಯಲ್ಲಿ ಹಾಕಿ, ವರದಿಗಳನ್ನು ಮೂರ್ನಾಲ್ಕು ವಾರ ನೋಡಿ, ಎಲ್ಲ ಪಾಸ್ ಆಗುತ್ತಿದ್ದರೆ ‘ಕ್ವಾರಂಟೈನ್’ಗೆ (ಸ್ಪ್ಯಾಮಿಗೆ ಹಾಕಿ ಎಂಬ ನೀತಿ) ಏರಿಸಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ ಮೂರನ್ನೂ ಕಡ್ಡಾಯ ಮಾಡಿದೆ, ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ಒಂದಾದರೂ ಬೇಕೇ ಬೇಕು.

ಮೂರೂ ಪಾಸ್ ಆಗಿಯೂ ಸ್ಪ್ಯಾಮಿಗೆ ಹೋದರೆ ಕಾರಣ ಹೆಚ್ಚಾಗಿ ಸರ್ವರಿನ ಐಪಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ನೂರಾರು ಅಕೌಂಟುಗಳ ಮೇಲ್ ಒಂದೇ ಐಪಿಯಿಂದ ಹೊರಡುತ್ತದೆ. ಚಾಳಿನ ಒಂದು ಕೋಣೆಯವರು ಮಾಡಿದ ಸಾಲಕ್ಕೆ ಇಡೀ ಚಾಳಿಗೇ ಅಂಗಡಿಯವನು ಉದ್ರಿ ನಿಲ್ಲಿಸಿದಂತೆ, ಯಾರೋ ಕಳಿಸಿದ ಸ್ಪ್ಯಾಮಿನ ಫಲ ನಿಮಗೂ ತಟ್ಟುತ್ತದೆ. ಇದು ನಿಮ್ಮ ಕೈಯಲ್ಲಿಲ್ಲ. ಅದಕ್ಕೇ ಆರ್ಡರ್ ತರುವ ವಿಳಾಸಗಳನ್ನು ಗೂಗಲ್ ವರ್ಕ್‌ಸ್ಪೇಸ್, ಝೋಹೋ ಮೇಲ್‌ನಂಥ ಮೇಲ್‌ಗೆಂದೇ ಇರುವ ಸೇವೆಯಲ್ಲಿಡಿ ಎನ್ನುವುದು. ನಾಲ್ಕು ಬಾಕ್ಸಿಗೂ ದುಡ್ಡು ಕಟ್ಟಬೇಕಿಲ್ಲ. ಎರಡು ನಿಜವಾದ ಬಾಕ್ಸ್ ಇಟ್ಟು ಉಳಿದೆರಡನ್ನು ಅಲಿಯಾಸ್ (ಅದೇ ಬಾಕ್ಸಿಗೆ ಬೀಳುವ ಇನ್ನೊಂದು ವಿಳಾಸ) ಮಾಡಿದರೆ ಸಾಕಾಗಬಹುದು. ಹೀಗೆ ಮಾಡಿದ ದಿನವೇ ಇಮೇಲ್ ರೂಟಿಂಗ್ ‘ರಿಮೋಟ್’ ಆಗಿದೆಯೇ ನೋಡಿ. ಇಲ್ಲದಿದ್ದರೆ ಸೈಟಿನ ಎನ್‌ಕ್ವೈರಿ ಫಾರ್ಮ್ ಕಳಿಸಿದ ಮೇಲ್ ಹಳೆಯ ಬಾಕ್ಸಿಗೇ ಬೀಳುತ್ತಾ, ‘ಈ ವರ್ಷ ವಿಚಾರಣೆಯೇ ಬರುತ್ತಿಲ್ಲ’ ಎನ್ನುವಂತಾಗುತ್ತದೆ. ಆ ಫಾರ್ಮಿನ ‘ಫ್ರಮ್’ ಜಾಗದಲ್ಲಿ ಗಿರಾಕಿಯ ಜಿಮೇಲ್ ವಿಳಾಸ ಹಾಕುವುದೂ ತಪ್ಪು. ‘ಫ್ರಮ್’ ನಿಮ್ಮ ಡೊಮೇನಿನದಿರಲಿ, ಗಿರಾಕಿಯದು ‘ರಿಪ್ಲೈ-ಟು’ನಲ್ಲಿ ಬರಲಿ, ಕಳಿಸುವುದು ಎಸ್‌ಎಂಟಿಪಿ ಪ್ಲಗಿನ್ (ನಿಮ್ಮ ಮೇಲ್‌ಬಾಕ್ಸಿಗೆ ಲಾಗಿನ್ ಆಗಿ ಕಳಿಸುವಂಥದ್ದು) ಮೂಲಕ ನಡೆಯಲಿ.

ಡೊಮೇನ್ ಮೇಲನ್ನು ಸ್ವಂತ ಜಿಮೇಲಿಗೆ ಫಾರ್ವರ್ಡ್ ಮಾಡಿಕೊಂಡು ಕೆಲಸ ಸಾಗಿಸುವವರು ಬಹಳ. ಫಾರ್ವರ್ಡ್ ಆದ ಮೇಲ್ ನಿಮ್ಮ ಸರ್ವರಿನಿಂದ ಹೊರಡುವುದರಿಂದ ಮೂಲ ಕಳಿಸಿದವರ ಎಸ್‌ಪಿಎಫ್ ಮುರಿಯುತ್ತದೆ, ನಿಮಗೆ ಬಂದ ಸ್ಪ್ಯಾಮೂ ನಿಮ್ಮ ಸರ್ವರೇ ಕಳಿಸಿದಂತೆ ಜಿಮೇಲಿಗೆ ಕಾಣುತ್ತದೆ. ಐಮ್ಯಾಪ್‌ನಲ್ಲಿ ನೇರವಾಗಿ ಓದುವುದು ವಾಸಿ.

ಬಳಗವನ್ನು ಬೇರೆ ಇಡಲು ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿಯೂ ಒಂದು ಕಾರಣ. ರಾಜ್ಯೋತ್ಸವದ ಆಮಂತ್ರಣವನ್ನು 600 ಸದಸ್ಯರಿಗೆ ಬಿಸಿಸಿಯಲ್ಲಿ ಒಮ್ಮೆಗೇ ಕಳಿಸಿದರೆ ಅದು 600 ಮೇಲ್ ಎಂದೇ ಲೆಕ್ಕ. ಮಿತಿ ಅಕೌಂಟಿನದಾಗಿದ್ದರೆ ಆ ಹೊತ್ತಿನಲ್ಲಿ ಕೇಟರಿಂಗಿನ ಮೇಲೂ ಹೊರಡುವುದಿಲ್ಲ. ತುಳಸಿ ಮದುವೆಯ ಬೆನ್ನಿಗೆ ಮದುವೆ ಆರ್ಡರಿನ ಕೊಟೇಶನ್ ಹೊರಡುವ ಕಾಲವೂ ಅದೇ. ಬಳಗದ ಹಳೆಯ ಪಟ್ಟಿಯಲ್ಲಿ ಸತ್ತ ವಿಳಾಸಗಳು ಬಹಳ ಇದ್ದರೆ ಬೌನ್ಸ್ ಕಂಡು ಹೋಸ್ಟಿಂಗಿನವರು ಮೇಲನ್ನೇ ತಡೆಹಿಡಿಯುವುದೂ ಉಂಟು. ಇಂಥ ಸಾಮೂಹಿಕ ಪತ್ರಕ್ಕೆ ಮೇಲಿಂಗ್ ಸೇವೆಯನ್ನೇ ಬಳಸಿ.

ಬ್ಯಾಕಪ್ ಹೋಸ್ಟಿಂಗಿನವರ ಹೊಣೆ ಎಂದು ಬಿಡಬೇಡಿ. ತಿಂಗಳಿಗೊಮ್ಮೆ ಸಿಪ್ಯಾನೆಲ್‌ನಿಂದ ಪೂರ್ಣ ಬ್ಯಾಕಪ್ ಇಳಿಸಿ, ಸರ್ವರಿನಲ್ಲಿ ಉಳಿದ ಪ್ರತಿಯನ್ನು ಅಳಿಸಿ, ಇಳಿಸಿದ್ದನ್ನು ಎರಡು ಕಡೆ ಇಡಿ. ಮೇಲ್ ಹೊರಗಿನ ಸೇವೆಯಲ್ಲಿದ್ದರೆ ಈ ಬ್ಯಾಕಪ್‌ನಲ್ಲಿ ಅದು ಬರುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ಕೊನೆಗೆ ರಿಜಿಸ್ಟ್ರಾರ್ ಬಳಿ ಕೊಟ್ಟಿರುವ ಸಂಪರ್ಕದ ಇಮೇಲ್ ನೋಡಿ. ಕೇಟರಿಂಗ್ ಡೊಮೇನಿಗೆ ಕೇಟರಿಂಗ್ ಡೊಮೇನಿನದೇ ವಿಳಾಸ ಕೊಟ್ಟಿದ್ದರೆ ಈ ವಾರವೇ ಬದಲಿಸಿ. ಹೆಸರಿನ ಅವಧಿ ಮುಗಿದರೆ ಸೈಟಿನ ಜೊತೆ ಮೇಲೂ ನಿಲ್ಲುತ್ತದೆ, ಎಚ್ಚರಿಸುವ ಮೇಲ್ ಬರಬೇಕಾದ ಬಾಕ್ಸೇ ಆಗ ಮುಚ್ಚಿರುತ್ತದೆ. ಡಾಟ್ ಕಾಮ್ ಹೆಸರಾದರೆ ಮೊದಲ ಗ್ರೇಸ್ ಅವಧಿ ದಾಟಿ ರಿಜಿಸ್ಟ್ರಾರ್ ಅಳಿಸಿದ ಮೇಲೆ 30 ದಿನದ ರಿಡೆಂಪ್ಶನ್, ಅದರಲ್ಲಿ ಬಿಡಿಸಿಕೊಳ್ಳಲು ನವೀಕರಣಕ್ಕಿಂತ ಹಲವು ಪಟ್ಟು ಶುಲ್ಕ. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಮೂರೂ ಹೆಸರಿಗೆ ಆಟೋ ರಿನ್ಯೂ ಹಾಕಿ. ಅದಕ್ಕೆ ಜೋಡಿಸಿದ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ಎಂದು ಮೊದಲು ಹೇಳಿದ ಆ ಕಾಗದದಲ್ಲೇ ಬರೆದಿಡಿ.